ದೂರದರ್ಶಕದ ಕನ್ನಡಿ ಬಿಡಿ, ತಂತ್ರಾಂಶ ಬರೆದವರು ಯಾರು ಹೇಳಿ

ಆಕಾಶದಲ್ಲಿ ಹೊಸದೇನೋ ಸಿಕ್ಕಿತು ಅಂತ ಪತ್ರಿಕೆಗಳಲ್ಲಿ ಸುದ್ದಿ ಬಂದಾಗಲೆಲ್ಲ ಒಂದು ವಿಷಯ ಗಮನಿಸಿದ್ದೇನೆ. ದೂರದರ್ಶಕದ ಕನ್ನಡಿ ಎಷ್ಟು ಮೀಟರು ಅನ್ನೋದು ಮೊದಲ ಸಾಲಿನಲ್ಲೇ ಇರುತ್ತೆ. ಎಷ್ಟು ಕೋಟಿ ಖರ್ಚಾಯಿತು ಅನ್ನೋದು ಎರಡನೇ ಸಾಲಿನಲ್ಲಿ. ಯಾವ ಬೆಟ್ಟದ ಮೇಲಿದೆ, ಎಷ್ಟು ಎತ್ತರ, ಉದ್ಘಾಟನೆಗೆ ಯಾರು ಬಂದಿದ್ದರು, ಎಲ್ಲ ಇರುತ್ತೆ. ಆದರೆ ಇಷ್ಟು ದೊಡ್ಡ ಆಕಾಶ ಬಿಟ್ಟು, ಅದೇ ರಾತ್ರಿ, ಅದೇ ಗಳಿಗೆಯಲ್ಲಿ, ಅದೇ ಚುಕ್ಕಿಯ ಕಡೆ ತಿರುಗು ಅಂತ ಆ ದೂರದರ್ಶಕಕ್ಕೆ ಹೇಳಿದ್ದು ಯಾರು? ಅದೊಂದು ಮಾತ್ರ ಇರೋದಿಲ್ಲ.

ಹೇಳಿದ್ದು ತಂತ್ರಾಂಶ. ಅದನ್ನು ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ವಾದ ಇಷ್ಟೇ: ಇವತ್ತಿನ ಖಗೋಳ ವಿಜ್ಞಾನದ ಒಂದು ದೊಡ್ಡ ಭಾಗದಲ್ಲಿ ಕನ್ನಡಿಗಿಂತ ತಂತ್ರಾಂಶವೇ ಮುಖ್ಯ. ತಂತ್ರಾಂಶದ ಊರು ಅಂತ ಎದೆ ತಟ್ಟಿಕೊಳ್ಳುವ ನಾವು ಅದಕ್ಕೆ ಕೊಡಬೇಕಾದ ಬೆಲೆ ಕೊಡುತ್ತಿಲ್ಲ. ನಾನು ಹೊರನಾಡಿನ ಪಕ್ಕದ ಕಾಫಿ ತೋಟದವನು. ಊರಿಗೆ ಬರುವ ಮುಂಚೆ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದು ಅನ್ನ ತಿಂದಿದ್ದೇನೆ. ಹಾಗಾಗಿ ಈ ವಿಷಯ ಬಂದರೆ ಸ್ವಲ್ಪ ಬಿಸಿಯಾಗುತ್ತೇನೆ, ಸಹಿಸಿಕೊಳ್ಳಿ.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಆಕಾಶದಲ್ಲಿ ಎಲ್ಲವೂ ನಿಧಾನವಾಗಿ ನಡೆಯಲ್ಲ. ಕೆಲವು ಘಟನೆಗಳು ಬಂದಷ್ಟೇ ಬೇಗ ಹೋಗುತ್ತವೆ. ದೊಡ್ಡ ನಕ್ಷತ್ರವೊಂದು ಸಿಡಿದರೆ ಸೂಪರ್‌ನೋವಾ. ಅದು ವಾರ, ತಿಂಗಳುಗಟ್ಟಲೆ ಕಾಣುತ್ತೆ, ಆದರೆ ಮೊದಲ ಕೆಲವು ಗಂಟೆಗಳಲ್ಲಿ ಅದು ಹೇಳುವ ಕಥೆಯನ್ನು ಆಮೇಲೆ ಹೇಳಲ್ಲ. ಗಾಮಾ ಕಿರಣ ಸ್ಫೋಟ ಅಂತ ಇನ್ನೊಂದಿದೆ. ಕೆಲವು ಸೆಕೆಂಡು ಅಥವಾ ಕೆಲವು ನಿಮಿಷ, ಮುಗೀತು. ಆಮೇಲೆ ಉಳಿಯೋದು ಮಸುಕಾಗುತ್ತಾ ಹೋಗುವ ಬೆಳಕು. ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದರೆ ಹುಟ್ಟುವ ಬೆಳಕು ಕೆಲವೇ ದಿನಗಳಲ್ಲಿ ಮಾಯ. ಇವನ್ನೆಲ್ಲ ಸೇರಿಸಿ ಕ್ಷಣಿಕ ಘಟನೆಗಳು ಅಂತ ಕರೆಯೋಣ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಇಡೀ ಬೆಳ್ಳಗಾಗುತ್ತೆ. ಮೂರ್ನಾಲ್ಕು ದಿನ ಪರಿಮಳ, ಆಮೇಲೆ ಹೂವೆಲ್ಲ ಕಂದು. ಆ ದಿನಗಳಲ್ಲಿ ಊರಲ್ಲಿ ಇಲ್ಲದವನು ಮುಂದಿನ ವರ್ಷಕ್ಕೆ ಕಾಯಬೇಕು. ನಕ್ಷತ್ರ ಹಾಗಲ್ಲ, ಅದಕ್ಕೆ ಮುಂದಿನ ವರ್ಷ ಅನ್ನೋದೇ ಇಲ್ಲ. ಆ ಗಳಿಗೆಯಲ್ಲಿ ನೋಡದಿದ್ದರೆ ಕೋಟಿಗಟ್ಟಲೆ ವರ್ಷ ಪ್ರಯಾಣ ಮಾಡಿ ಬಂದ ಬೆಳಕು ನಮ್ಮ ಮನೆ ಬಾಗಿಲು ತಟ್ಟಿ, ಯಾರೂ ಇಲ್ಲ ಅಂತ ಮುಂದೆ ಹೋಗಿಬಿಡುತ್ತೆ.

ಹಾಗಾದರೆ ಬೇಕಾದ್ದು ಏನು? ಒಬ್ಬರು ಕಂಡಿದ್ದನ್ನು ಇನ್ನೊಬ್ಬರಿಗೆ ತಕ್ಷಣ ಹೇಳಬೇಕು. ಕೇಳಿದವರು ತಕ್ಷಣ ತಮ್ಮ ದೂರದರ್ಶಕ ತಿರುಗಿಸಬೇಕು. ಈ ಎರಡು 'ತಕ್ಷಣ'ಗಳ ಇತಿಹಾಸ ಸ್ವಲ್ಪ ನೋಡಿ.

1987ರ ಫೆಬ್ರವರಿ 24ರಂದು ಚಿಲಿಯ ಲಾಸ್ ಕಂಪಾನಾಸ್‌ನಲ್ಲಿ ಇಯಾನ್ ಶೆಲ್ಟನ್ ಒಂದು ಛಾಯಾಚಿತ್ರದ ಗಾಜಿನ ಫಲಕ ತೊಳೆದು ನೋಡಿದಾಗ ಅಲ್ಲಿ ಇರಬಾರದ ಒಂದು ಚುಕ್ಕಿ ಇತ್ತು. ಬರಿಗಣ್ಣಿಗೆ ಕಾಣುವಷ್ಟು ಪ್ರಕಾಶದ ಸೂಪರ್‌ನೋವಾ ಅದು. ಸುದ್ದಿ ಜಗತ್ತಿಗೆ ಹೋಗಿದ್ದು ಟೆಲಿಗ್ರಾಂ ವ್ಯವಸ್ಥೆಯ ಮೂಲಕ. ತಮಾಷೆ ಏನು ಗೊತ್ತಾ? ಬೆಳಕು ಬರುವುದಕ್ಕೆ ಸುಮಾರು ಮೂರು ಗಂಟೆ ಮುಂಚೆಯೇ ಅದೇ ನಕ್ಷತ್ರದ ನ್ಯೂಟ್ರಿನೋ ಕಣಗಳು ಜಪಾನಿನ ಕಾಮಿಯೋಕಾಂಡೆ ಶೋಧಕದಲ್ಲಿ ದಾಖಲಾಗಿದ್ದವು. ಆದರೆ 'ಬಂತು ನೋಡಿ' ಅಂತ ಕೂಗುವ ತಂತ್ರಾಂಶ ಇರಲಿಲ್ಲ. ಸೂಪರ್‌ನೋವಾ ಸುದ್ದಿ ಕೇಳಿದ ಮೇಲೆ ಹಳೆಯ ದಾಖಲೆ ಹುಡುಕಿದಾಗ ಸಿಕ್ಕಿತು. ಯಂತ್ರ ಕಂಡಿತ್ತು, ಮನುಷ್ಯರಿಗೆ ಗೊತ್ತಿರಲಿಲ್ಲ.

1993ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಸ್ಕಾಟ್ ಬಾರ್ತೆಲ್ಮಿ ಮತ್ತು ಜೊತೆಗಾರರು ಬ್ಯಾಕೋಡೈನ್ ಅನ್ನುವ ವ್ಯವಸ್ಥೆ ಶುರುಮಾಡಿದರು. ಉಪಗ್ರಹ ಗಾಮಾ ಕಿರಣ ಸ್ಫೋಟ ಕಂಡ ಕೂಡಲೇ ಅದು ಆಕಾಶದಲ್ಲಿ ಎಲ್ಲಿದೆ ಅಂತ ಮನುಷ್ಯರ ಕೈ ತಾಗದೆ ನೇರವಾಗಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಳಿಸೋದು ಅದರ ಕೆಲಸ. ಮುಂದೆ ಅದೇ ಜಿಸಿಎನ್ ಅನ್ನುವ ಜಾಲವಾಯಿತು. ಅದರ ಫಲ 1999ರ ಜನವರಿ 23ರಂದು ಸಿಕ್ಕಿತು. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿದ್ದ ರೋಟ್ಸಿ ಅನ್ನೋ ಯಂತ್ರ, ಸ್ಫೋಟ ಶುರುವಾಗಿ 22 ಸೆಕೆಂಡಿಗೆ ಮೊದಲ ಚಿತ್ರ ತೆಗೆಯಿತು. ಆ ಬೆಳಕು ಒಂದು ಹಂತದಲ್ಲಿ ಒಳ್ಳೆಯ ಬೈನಾಕ್ಯುಲರಿನಲ್ಲಿ ಕಾಣುವಷ್ಟಿತ್ತು. ನೂರಾರು ಕೋಟಿ ಜ್ಯೋತಿರ್ವರ್ಷ ದೂರದ್ದು, ಬೈನಾಕ್ಯುಲರಿನಲ್ಲಿ! ಇನ್ನು ಆ ಯಂತ್ರ ಎಷ್ಟು ದೊಡ್ಡದಿತ್ತು ಅಂತೀರಾ? ಕ್ಯಾನನ್ ಕ್ಯಾಮೆರಾದ ನಾಲ್ಕು ಟೆಲಿಫೋಟೋ ಲೆನ್ಸುಗಳು, ಅಷ್ಟೇ. ಅವತ್ತು ಜಗತ್ತಿನ ದೊಡ್ಡ ದೊಡ್ಡ ಕನ್ನಡಿಗಳೆಲ್ಲ ಬೇರೆ ಕಡೆ ನೋಡುತ್ತಿದ್ದವು. ಗೆದ್ದದ್ದು ಲೆನ್ಸಲ್ಲ, ಸಂದೇಶ ಕೇಳಿ ತಾನೇ ತಿರುಗಿದ ತಂತ್ರಾಂಶ.

ಈ ಕಥೆಯಲ್ಲಿ ನಮ್ಮ ಹುಬ್ಬಳ್ಳಿಯೂ ಇದೆ. ಶ್ರೀನಿವಾಸ ಕುಲಕರ್ಣಿ ಹುಟ್ಟಿದ್ದು ಮಹಾರಾಷ್ಟ್ರದ ಕುರುಂದವಾಡ, ಬೆಳೆದದ್ದು ಹುಬ್ಬಳ್ಳಿ. ಸುಧಾ ಮೂರ್ತಿಯವರ ತಮ್ಮ ಅಂದರೆ ಬೇಗ ಗುರುತು ಸಿಗಬಹುದು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕರಾದ ಇವರು 2009ರಲ್ಲಿ ಪಾಲೋಮಾರ್ ಟ್ರಾನ್ಸಿಯೆಂಟ್ ಫ್ಯಾಕ್ಟರಿ, 2018ರಲ್ಲಿ ಜ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ ಶುರುಮಾಡಿದರು. 2024ರಲ್ಲಿ ಶಾ ಪ್ರಶಸ್ತಿ ಬಂತು, ನಮ್ಮ ಪತ್ರಿಕೆಗಳೂ ಬರೆದವು. ಆದರೆ ಯಾರೂ ಒತ್ತಿ ಹೇಳದ ಸಂಗತಿ ಒಂದಿದೆ. ಜ್ವಿಕಿ ಯೋಜನೆಯ ದೂರದರ್ಶಕ ಹೊಸದಲ್ಲ. 1948ರ ಕಾಲದ 48 ಇಂಚಿನ ಹಳೆಯ ದೂರದರ್ಶಕ. ಅದಕ್ಕೆ ಒಂದೇ ಸಲಕ್ಕೆ 47 ಚದರ ಡಿಗ್ರಿ ನೋಡುವ ಹೊಸ ಕ್ಯಾಮೆರಾ ಹಾಕಿದರು. ಅದರ ಹಿಂದೆ, ಹೊಸ ಚಿತ್ರದಿಂದ ಹಳೆಯ ಚಿತ್ರ ಕಳೆದು ಬದಲಾಗಿದ್ದೇನು ಅಂತ ನಿಮಿಷಗಳಲ್ಲಿ ಹೇಳುವ ತಂತ್ರಾಂಶ ಕಟ್ಟಿದರು. ಅಜ್ಜನ ಕಾಲದ ಕನ್ನಡಿ ಮತ್ತೆ ಜಗತ್ತಿನ ಮುಂಚೂಣಿಗೆ ಬಂತು. ಹುಬ್ಬಳ್ಳಿಯ ಹೆಮ್ಮೆ ಪಡೋಣ, ತಪ್ಪಿಲ್ಲ. ಜೊತೆಗೆ ಪಾಠವನ್ನೂ ಕಲಿಯೋಣ.

ಈಗ ತಂತ್ರಾಂಶ ಒಳಗೆ ಏನು ಮಾಡುತ್ತೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ಫೀಡ್ ಅಂದರೆ ಏನು ಅಂತ ಬ್ಲಾಗ್ ಬರೆಯುವ ನಿಮಗೆ ಹೇಳಬೇಕಿಲ್ಲ. ಇದೂ ಒಂದು ಫೀಡ್. ಒಂದೊಂದು ಸಂದೇಶದಲ್ಲೂ ಜಾಗ, ಹೊತ್ತು, ಪ್ರಕಾಶ, ಚಿಕ್ಕ ಚಿತ್ರ ಇರುತ್ತೆ. ಮೊದಮೊದಲು ಒಂದೊಂದು ತಂಡದ್ದು ಒಂದೊಂದು ರೀತಿ. ಯೂನಿಕೋಡ್ ಬರುವ ಮುಂಚೆ ಕನ್ನಡದ ಕಥೆ ನೆನಪಿದೆಯಲ್ಲ, ನಾನು ಬರೆದ 'ಕ' ನಿಮ್ಮ ಗಣಕದಲ್ಲಿ ಇನ್ನೇನೋ ಚಿಹ್ನೆಯಾಗಿ ಕಾಣುತ್ತಿತ್ತು, ಹಾಗೆ. 2006ರಲ್ಲಿ ವಿಓ-ಇವೆಂಟ್ ಅನ್ನುವ ಒಂದು ಒಪ್ಪಿತ ಮಾದರಿ ಬಂದ ಮೇಲೆ ಒಬ್ಬರ ಸಂದೇಶವನ್ನು ಇನ್ನೊಬ್ಬರ ಯಂತ್ರ ಓದುವುದು ಸುಲಭವಾಯಿತು. ಒಪ್ಪಿತ ಮಾದರಿ ಅನ್ನೋದು ಎಷ್ಟು ದೊಡ್ಡ ಉಪಕಾರ ಅಂತ ಕನ್ನಡದ ಬ್ಲಾಗಿಗರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು?

ಸಂದೇಶ ಬಂತು ಅಂತಿಟ್ಟುಕೊಳ್ಳಿ. ಗುರುತ್ವ ಅಲೆಯ ಸಂದೇಶವಾದರೆ ಅದು 'ಇಲ್ಲಿ' ಅಂತ ಬೆರಳು ತೋರಿಸಲ್ಲ, 'ಈ ಕಡೆ ಎಲ್ಲೋ' ಅನ್ನುತ್ತೆ. ಆ 'ಎಲ್ಲೋ' 30 ಚದರ ಡಿಗ್ರಿ ಆಗಿರಬಹುದು, ಅಂದರೆ ಸುಮಾರು 150 ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಜಾಗ. ಎಷ್ಟೋ ಸಲ ಇದರ ಹತ್ತಾರು ಪಟ್ಟು. ನಿಮ್ಮ ಕ್ಯಾಮೆರಾ ಒಂದು ಸಲಕ್ಕೆ ನೋಡೋದು ಅರ್ಧ ಚದರ ಡಿಗ್ರಿ. ಹಾಗಾದರೆ 60 ತುಂಡು. ಯಾವುದು ಮೊದಲು? ಸಿಗುವ ಸಾಧ್ಯತೆ ಜಾಸ್ತಿ ಇರುವ ತುಂಡೋ, ಇನ್ನು ಅರ್ಧ ಗಂಟೆಯಲ್ಲಿ ಮುಳುಗಲಿರುವ ತುಂಡೋ? ಚಂದ್ರ ಎಲ್ಲಿದ್ದಾನೆ? ಮೋಡ ಯಾವ ಕಡೆ? ಒಂದೊಂದಕ್ಕೆ ಎಷ್ಟು ಹೊತ್ತು ಕೊಡಬೇಕು? ಕೊಯ್ಲಿನ ಹೊತ್ತಲ್ಲಿ ಆಳು ಕಡಿಮೆ ಇದ್ದಾಗ ಯಾವ ಪಟ್ಟೆ ಮೊದಲು ಕೊಯ್ಸೋದು ಅಂತ ತೋಟದವರು ತಲೆ ಕೆಡಿಸಿಕೊಳ್ತಾರಲ್ಲ, ಅದೇ ಲೆಕ್ಕ. ಅರೇಬಿಕಾ ಹಣ್ಣು ಉದುರುತ್ತಿದೆ, ರೊಬಸ್ಟಾ ಕಾಯಬಹುದು. ವ್ಯತ್ಯಾಸ ಏನಂದರೆ ಈ ತೀರ್ಮಾನ ಸೆಕೆಂಡುಗಳಲ್ಲಿ ಆಗಬೇಕು, ನಡುರಾತ್ರಿಯಲ್ಲಿ.

2017ರ ಆಗಸ್ಟ್ 17ರ ಘಟನೆ ಈ ಪುರಾಣದ ಮುಖ್ಯ ಪರ್ವ. ನಮ್ಮ ಸಂಜೆ 6 ಗಂಟೆ 11 ನಿಮಿಷಕ್ಕೆ ಎರಡು ನ್ಯೂಟ್ರಾನ್ ತಾರೆಗಳ ಡಿಕ್ಕಿಯ ಗುರುತ್ವ ಅಲೆ ಭೂಮಿಗೆ ತಾಗಿತು. 1.7 ಸೆಕೆಂಡು ಬಿಟ್ಟು ಗಾಮಾ ಕಿರಣ. ಫರ್ಮಿ ಉಪಗ್ರಹದ ಸ್ವಯಂಚಾಲಿತ ಸಂದೇಶ 14 ಸೆಕೆಂಡಿಗೆ ಹೊರಟಿತು. ಗುರುತ್ವ ಅಲೆಯವರ ಸಂದೇಶ ಬಂದಿದ್ದು ಸುಮಾರು 40 ನಿಮಿಷದ ನಂತರ. ಯಾಕೆ? ಲಿವಿಂಗ್‌ಸ್ಟನ್‌ನ ಶೋಧಕದಲ್ಲಿ ಅದೇ ಗಳಿಗೆಗೆ ಒಂದು ಗದ್ದಲದ ಸದ್ದು ಸೇರಿಕೊಂಡಿತ್ತು. ತಂತ್ರಾಂಶ ಆ ಶೋಧಕದ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮನುಷ್ಯರು ಕಣ್ಣಿಟ್ಟು ನೋಡಿದಾಗ ಸದ್ದಿನ ಹಿಂದೆ ಅಲೆಯ ಗುರುತು ಸ್ಪಷ್ಟವಾಗಿತ್ತು. ಮೂರು ಶೋಧಕಗಳನ್ನು ಸೇರಿಸಿ ಮಾಡಿದ ಆಕಾಶದ ನಕ್ಷೆ ಹೊರಬರುವಷ್ಟರಲ್ಲಿ ಐದು ಗಂಟೆ ದಾಟಿತ್ತು.

ಐದು ಗಂಟೆ ಅಂದರೆ ನಮ್ಮಲ್ಲಿ ರಾತ್ರಿ 11 ದಾಟಿದೆ. ಸಂಜೆ ಪಶ್ಚಿಮದಲ್ಲಿ ವಾಲಿಕೊಂಡಿದ್ದ ಆ ಜಾಗ ಭಾರತದಲ್ಲಿ ಆಗಲೇ ಮುಳುಗಿ ಆಗಿತ್ತು. ಆಗಸ್ಟಿನ ಮಳೆಗಾಲ, ಹೇಗೂ ಮೋಡ ಇರುತ್ತಿತ್ತೇನೋ, ಅದು ಬೇರೆ ಮಾತು. ಚಿಲಿಯಲ್ಲಿ ಸಂಜೆಯಾಗುವವರೆಗೆ ಜಗತ್ತು ಕಾದಿತು. ಡಿಕ್ಕಿಯಾದ ಸುಮಾರು 11 ಗಂಟೆಗೆ ಸ್ವೋಪ್ ಅನ್ನುವ ಒಂದು ಮೀಟರಿನ ದೂರದರ್ಶಕ, ಸಂಭಾವ್ಯ ಗೆಲಾಕ್ಸಿಗಳ ಪಟ್ಟಿ ಹಿಡಿದು ಒಂದೊಂದಾಗಿ ನೋಡುತ್ತಾ, ಒಂಬತ್ತನೇ ಚಿತ್ರದಲ್ಲಿ ಅದನ್ನು ಹಿಡಿಯಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ. ಚಿನ್ನದಂಥ ಭಾರದ ಧಾತುಗಳು ಎಲ್ಲಿ ಹುಟ್ಟುತ್ತವೆ ಅನ್ನೋ ಪ್ರಶ್ನೆಗೆ ಕಣ್ಣಾರೆ ಸಾಕ್ಷಿ ಸಿಕ್ಕಿದ್ದು ಅವತ್ತು. ಮತ್ತೆ ನೋಡಿ, ಒಂದು ಮೀಟರು! ದೊಡ್ಡ ಕನ್ನಡಿ ಗೆಲ್ಲಲಿಲ್ಲ, ಒಳ್ಳೆಯ ಪಟ್ಟಿ ಗೆದ್ದಿತು.

ಈ ಕಥೆಯಲ್ಲಿ ಎರಡು ಪಾಠ ಇವೆ. ಒಂದು, ತಂತ್ರಾಂಶ ತಡಮಾಡಿದರೆ ಇಡೀ ಒಂದು ದೇಶದ ರಾತ್ರಿಯೇ ಕೈತಪ್ಪುತ್ತೆ. ಇನ್ನೊಂದು, ಎಲ್ಲವನ್ನೂ ಯಂತ್ರಕ್ಕೇ ಬಿಟ್ಟರೆ ಶತಮಾನದ ಘಟನೆಯೂ ಗದ್ದಲ ಅಂತ ಕಸದ ಬುಟ್ಟಿಗೆ ಹೋಗಬಹುದು. ಈಗ ಎಲ್ಲರೂ ಕೃತಕ ಬುದ್ಧಿಮತ್ತೆ ಅಂತ ಕುಣಿಯುತ್ತಿದ್ದಾರಲ್ಲ, ಅವರಿಗೆ ಎರಡನೇ ಪಾಠ ನೆನಪಿಸಬೇಕು.

ಹಾಗಂತ ಎಲ್ಲವನ್ನೂ ಮನುಷ್ಯರು ನೋಡುವ ಕಾಲವೂ ಮುಗಿಯಿತು. ಜ್ವಿಕಿ ಯೋಜನೆಯೇ ಒಂದು ಒಳ್ಳೆಯ ರಾತ್ರಿಗೆ ಲಕ್ಷಗಟ್ಟಲೆ ಸಂದೇಶ ಕೊಡತೊಡಗಿತು. 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ್ದು 8.4 ಮೀಟರಿನ ಕನ್ನಡಿ. ಚಿತ್ರ ತೆಗೆದ 60 ಸೆಕೆಂಡಿನಲ್ಲಿ ಸಂದೇಶ ಹೊರಡಬೇಕು, ಒಂದು ರಾತ್ರಿಗೆ ಒಂದು ಕೋಟಿಯವರೆಗೂ ಬರಬಹುದು ಅನ್ನೋ ಲೆಕ್ಕದಲ್ಲಿ ಅದನ್ನು ಕಟ್ಟಿದ್ದಾರೆ. ಒಂದು ಕೋಟಿ! ಅದರಲ್ಲಿ ಬಹುಪಾಲು ಗೊತ್ತಿರುವ ಮಿನುಗು ತಾರೆಗಳು, ಕ್ಷುದ್ರಗ್ರಹಗಳು, ಇನ್ನಷ್ಟು ಕ್ಯಾಮೆರಾದ ಕಲೆಗಳು. ನಿಜವಾಗಿಯೂ ಎದ್ದು ಓಡಬೇಕಾದ್ದು ಬೆರಳೆಣಿಕೆ.

ಮೂಡಿಗೆರೆ ಕಡೆಯ ಗೆಳೆಯರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. 'ಆನೆ ಬಂದಿದೆ' ಅನ್ನುವ ಸಂದೇಶ ವಾಟ್ಸಾಪಿನಲ್ಲಿ ಬರುತ್ತೆ. ಸಮಯಕ್ಕೆ ಬಂದರೆ ಜೀವ ಉಳಿಯುತ್ತೆ. ಅದೇ ಸಂದೇಶ ನಿನ್ನೆಯದು, ಮೊನ್ನೆಯದು, ಇನ್ನೊಂದೂರಿನದು ಅಂತ ಹತ್ತು ಸಲ ಬಂದರೆ ಹನ್ನೊಂದನೇ ಸಲ ಜನ ಫೋನ್ ನೋಡದೆ ತೋಟಕ್ಕೆ ಹೋಗ್ತಾರೆ. ಹನ್ನೊಂದನೇ ಸಲವೇ ಆನೆ ಇರೋದು. ಎಚ್ಚರಿಕೆ ಕೊಡುವುದಕ್ಕಿಂತ ಯಾವ ಎಚ್ಚರಿಕೆಯನ್ನು ಕೊಡಬಾರದು ಅಂತ ತಿಳಿಯೋದು ಕಷ್ಟದ ಕೆಲಸ. ಆಕಾಶದ ವಿಷಯದಲ್ಲಿ ಈ ಜರಡಿ ಹಿಡಿಯುವ ತಂತ್ರಾಂಶಗಳಿಗೆ ಬ್ರೋಕರ್ ಅಂತ ಹೆಸರು. ದಲ್ಲಾಳಿ ಅಂದರೂ ಸರಿಯೇ, ಕಾಫಿ ಬೆಳೆಗಾರರಿಗೆ ಆ ಪದದ ಮೇಲೆ ಸ್ವಲ್ಪ ಅಲರ್ಜಿ ಇದೆ ಅಷ್ಟೆ!

ಈಗ ನನ್ನ ಹೊಟ್ಟೆ ಉರಿಯುವ ಜಾಗಕ್ಕೆ ಬರೋಣ. ರೂಬಿನ್‌ನ ಪೂರ್ತಿ ಸಂದೇಶ ಪ್ರವಾಹವನ್ನು ನೇರವಾಗಿ ಪಡೆಯಲು 2021ರಲ್ಲಿ ಏಳು ಬ್ರೋಕರ್ ತಂತ್ರಾಂಶಗಳನ್ನು ಆರಿಸಿದರು. ಫಿಂಕ್ ಫ್ರಾನ್ಸಿನದು, ಲಸೇರ್ ಬ್ರಿಟನ್ನಿನದು, ಆಂಪೆಲ್ ಜರ್ಮನಿಯದು. ಅಂಟಾರೆಸ್, ಬಾಬಾಮುಲ್, ಪಿಟ್-ಗೂಗಲ್ ಅಮೆರಿಕದವು. ಏಳನೆಯದು ಅಲೆರ್ಸೆ, ಚಿಲಿಯದು. ಚಿಲಿಯ ಜನಸಂಖ್ಯೆ ಸುಮಾರು ಎರಡು ಕೋಟಿ. ನಮ್ಮ ಕರ್ನಾಟಕದ ಮೂರನೇ ಒಂದು ಭಾಗವೂ ಇಲ್ಲ. ಬೆಟ್ಟ ನಮ್ಮದು, ಕನ್ನಡಿ ಅವರದು ಅಂತ ಸುಮ್ಮನೆ ಕೂರದೆ ಅವರು ತಂತ್ರಾಂಶಕ್ಕೆ ಕೈ ಹಾಕಿದರು. ಆ ಏಳರಲ್ಲಿ ಭಾರತದ್ದು ಒಂದೂ ಇಲ್ಲ. ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ಬೆಂಗಳೂರಿನದು ಒಂದೂ ಇಲ್ಲ.

ಇದಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿಲ್ಲವೇ? ಇದೆ ಮಾರಾಯ್ರೆ. ಈ ಸಂದೇಶಗಳು ಹರಿಯೋದು ಕಾಫ್ಕಾ ಅನ್ನುವ ಮುಕ್ತ ತಂತ್ರಾಂಶದಲ್ಲಿ. ಜಿಸಿಎನ್ ಕೂಡ 2022ರಲ್ಲಿ ಅದನ್ನೇ ತಂದಿತು. ಬೆಂಗಳೂರಿನಲ್ಲಿ ಊಟ ತರಿಸುವ, ಆಟೋ ಕರೆಯುವ ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಈ ಥರದ ಕೊಳವೆ ಜೋಡಿಸೋದು ದಿನನಿತ್ಯದ ಕೆಲಸ. ದೋಸೆ ಬಿಸಿ ಆರುವ ಮುಂಚೆ ಮನೆ ಮುಟ್ಟಿಸುವ ಲೆಕ್ಕಾಚಾರ ಬರೆದವರಿಗೆ, ನಕ್ಷತ್ರದ ಬಿಸಿ ಆರುವ ಮುಂಚೆ ದೂರದರ್ಶಕ ತಿರುಗಿಸುವ ಲೆಕ್ಕ ಬರೆಯಲು ಬರುವುದಿಲ್ಲವೇ?

ನಮ್ಮ ದೇಶಕ್ಕೆ ಇದು ಬರೀ ಹೆಮ್ಮೆಯ ಪ್ರಶ್ನೆಯೂ ಅಲ್ಲ. ಭೂಪಟ ತೆಗೆದು ನೋಡಿ. ಪಶ್ಚಿಮದಲ್ಲಿ ಆಫ್ರಿಕಾದ ಅಂಚಿನ ಕೆನರಿ ದ್ವೀಪಗಳಲ್ಲಿ ದೊಡ್ಡ ವೀಕ್ಷಣಾಲಯಗಳಿವೆ. ಪೂರ್ವದಲ್ಲಿ ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿವೆ. ನಡುವೆ ದೊಡ್ಡ ಖಾಲಿ, ಅದರ ಮಧ್ಯದಲ್ಲಿ ನಾವು. ನಮ್ಮಲ್ಲಿ ಮಾತ್ರ ಕತ್ತಲಿರುವ ಗಳಿಗೆಯಲ್ಲಿ ಏನಾದರೂ ಸಿಡಿದರೆ ಅದನ್ನು ನೋಡುವ ಹೊಣೆ ನಮ್ಮದು. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ! ಹೊಸಕೋಟೆಯ ಬಿರಿಯಾನಿ ಗೊತ್ತಿರುವವರಲ್ಲಿ ನೂರಕ್ಕೆ ಎಷ್ಟು ಜನರಿಗೆ ಇದು ಗೊತ್ತಿರಬಹುದು?

ಅದೇ ಹಾನ್ಲೆಯಲ್ಲಿ 2018ರ ಜೂನಿನಲ್ಲಿ ಗ್ರೋತ್-ಇಂಡಿಯಾ ಅನ್ನುವ 0.7 ಮೀಟರಿನ ಪುಟ್ಟ ದೂರದರ್ಶಕ ಕಣ್ಣು ಬಿಟ್ಟಿತು. ಖಭೌತ ಸಂಸ್ಥೆ ಮತ್ತು ಐಐಟಿ ಮುಂಬಯಿ ಸೇರಿ ಮಾಡಿದ್ದು. ಪೂರ್ತಿ ಸ್ವಯಂಚಾಲಿತ. ಅದರ ತಂತ್ರಾಂಶ ತಾನೇ ಸರದಿ ಹಾಕಿಕೊಳ್ಳುತ್ತೆ, ತುರ್ತು ಬಂದರೆ ಸರದಿ ಬದಲಿಸುತ್ತೆ. 2022ರ ಫೆಬ್ರವರಿ 11ರಂದು ಜ್ವಿಕಿ ಯೋಜನೆಯಲ್ಲಿ ಬೇಗ ಮಸುಕಾಗುತ್ತಿದ್ದ ಒಂದು ಚುಕ್ಕಿ ಸಿಕ್ಕಿತು. ಲಕ್ಷಗಟ್ಟಲೆ ಸಂದೇಶಗಳ ನಡುವೆ ಅದನ್ನು ಆರಿಸಿದ್ದು ಜೆಡ್‌ಟಿಎಫ್-ರೆಸ್ಟ್ ಅನ್ನುವ ಮುಕ್ತ ತಂತ್ರಾಂಶ. ಜಗತ್ತಿನ ಅನೇಕ ದೂರದರ್ಶಕಗಳು ಅದರ ಹಿಂದೆ ಬಿದ್ದವು, ಹಾನ್ಲೆಯ ಈ ಪುಟ್ಟದ್ದೂ, ಪುಣೆ ಬಳಿಯ ಜಿಎಂಆರ್‌ಟಿಯೂ ಸೇರಿ. ಗೊತ್ತಾಗಿದ್ದೇನು? ದೈತ್ಯ ಕಪ್ಪುರಂಧ್ರವೊಂದು ನಕ್ಷತ್ರವನ್ನು ಸಿಗಿದು ತಿನ್ನುತ್ತಾ, ನಮ್ಮ ಕಡೆಗೇ ನೇರವಾಗಿ ಒಂದು ಚಿಲುಮೆ ಚಿಮ್ಮಿಸಿತ್ತು. ಬೆಳಕು ಹೊರಟು ಸುಮಾರು 850 ಕೋಟಿ ವರ್ಷ ಆಗಿತ್ತು. ಜರಡಿ ಇಲ್ಲದಿದ್ದರೆ ಅದು ಲಕ್ಷದಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು.

ನಮ್ಮದೇ ಆಸ್ಟ್ರೋಸ್ಯಾಟ್ ಕಥೆ ಇನ್ನೊಂದು ಥರದ್ದು. 2015ರಲ್ಲಿ ಇಸ್ರೋ ಹಾರಿಸಿದ ಈ ಉಪಗ್ರಹದ ಒಂದು ಉಪಕರಣ 2022ರ ಹೊತ್ತಿಗೆ 500 ಗಾಮಾ ಕಿರಣ ಸ್ಫೋಟಗಳನ್ನು ಹಿಡಿದಿತ್ತು. 2017ರ ಜನವರಿಯಲ್ಲಿ ಹವಾಯಿಯ ಅಟ್ಲಾಸ್ ದೂರದರ್ಶಕ ಒಂದು ಮಸುಕಾಗುವ ಚುಕ್ಕಿ ಕಂಡು, ಹಿಂದಿನ ದಿನದ ಗುರುತ್ವ ಅಲೆಯದೇ ಇರಬೇಕು ಅಂತ ಗುಮಾನಿ ಎದ್ದಾಗ, ಅಲ್ಲ, ಇದು ಬೇರೆಯೇ ಒಂದು ಸ್ಫೋಟದ್ದು ಅಂತ ಬಿಡಿಸಿದ್ದರಲ್ಲಿ ಆಸ್ಟ್ರೋಸ್ಯಾಟ್ ದಾಖಲೆ ಮುಖ್ಯವಾಯಿತು. ಎಂಥ ಒಳ್ಳೆಯ ಕೆಲಸ! ಆದರೆ ಉಪಗ್ರಹ ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದ ಮೇಲೆ ಹಾದು ದಾಖಲೆ ಇಳಿಸಿದ ಮೇಲೇ ಸ್ಫೋಟ ಕಂಡಿದ್ದು ನಮಗೆ ಗೊತ್ತಾಗೋದು. ನಾಸಾದ ಸ್ವಿಫ್ಟ್ ತನ್ನ ಸುದ್ದಿಯನ್ನು ಮೇಲಿನ ಸಂಪರ್ಕ ಉಪಗ್ರಹಗಳ ಮೂಲಕ ಸೆಕೆಂಡುಗಳಲ್ಲಿ ನೆಲಕ್ಕೆ ತಲುಪಿಸುವಂತೆ ಕಟ್ಟಿದ್ದರು. ಕಣ್ಣು ನಮ್ಮದೂ ಚೆನ್ನಾಗಿದೆ. ಬಾಯಿ ತಡವಾಗಿ ತೆರೆಯುತ್ತೆ.

ಇದಕ್ಕೆ ಬರುವ ಆಕ್ಷೇಪಗಳೂ ಗೊತ್ತು. ಬಡ ದೇಶಕ್ಕೆ ಇದೆಲ್ಲ ಯಾಕೆ ಅನ್ನುವವರಿಗೆ: ಹಣ ಹೇಗೂ ಖರ್ಚಾಗುತ್ತಿದೆ. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಮಹಾರಾಷ್ಟ್ರದ ಹಿಂಗೋಲಿಯ ಲೈಗೋ-ಇಂಡಿಯಾಕ್ಕೆ 2,600 ಕೋಟಿ ರೂಪಾಯಿ. ನಾನು ಅದರ ಪರ. ಆದರೆ ಅಲ್ಲಿ ಅಲೆ ಸಿಕ್ಕ ಮೇಲೆ ಓಡಬೇಕಾದ ತಂತ್ರಾಂಶಕ್ಕೆ ಇದರ ಒಂದು ಸಣ್ಣ ಚೂರು ಸಾಕು. ಆ ಚೂರು ಇಡದೆ ಉಳಿದದ್ದನ್ನು ಹಾಕೋದು, ಕೆರೆ ಕಟ್ಟಿ ತೂಬು ಇಡದ ಹಾಗೆ.

ಅಮೆರಿಕದವರು ಬರೆದಿದ್ದಾರಲ್ಲ, ಅದನ್ನೇ ಹಾಕಿಕೊಂಡರಾಯಿತು ಅನ್ನುವವರಿಗೆ: ಖಂಡಿತ ಹಾಕಿಕೊಳ್ಳೋಣ, ಮುಕ್ತ ತಂತ್ರಾಂಶ ಇರೋದೇ ಅದಕ್ಕೆ. ಲಾಸ್ ಕುಂಬ್ರೆಸ್‌ನವರ ಟಾಮ್ ಟೂಲ್‌ಕಿಟ್ ಇದೆ, ಪೈಥಾನ್ ಗೊತ್ತಿದ್ದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆ ಸಂಸ್ಥೆ ಕಟ್ಟಿದ ವೇಯ್ನ್ ರೋಸಿಂಗ್ ಗೂಗಲ್‌ನಲ್ಲಿ ಎಂಜಿನಿಯರಿಂಗ್ ಮುಖ್ಯಸ್ಥರಾಗಿದ್ದವರು. ತಂತ್ರಾಂಶದಲ್ಲಿ ದುಡಿದದ್ದನ್ನು ಆಕಾಶಕ್ಕೆ ಹಾಕಿದರು. ನಮ್ಮ ತಂತ್ರಾಂಶದ ಶ್ರೀಮಂತರಲ್ಲಿ ಯಾರಿಗಾದರೂ ಇಂಥ ಹುಚ್ಚು ಹಿಡಿಯಲಿ ಅಂತ ಅನ್ನಪೂರ್ಣೇಶ್ವರಿಗೆ ಹರಕೆ ಹೊರಲೂ ಸಿದ್ಧ! ಆದರೆ ಹಾನ್ಲೆಯ ಕಷ್ಟ ಹಾನ್ಲೆಗೆ ಮಾತ್ರ ಗೊತ್ತು. ಚಳಿ, ಗಾಳಿ, ಬೆಟ್ಟದಾಚೆಯಿಂದ ಬರುವ ಸಪೂರ ಸಂಪರ್ಕ. ಜುಲೈ ತಿಂಗಳಲ್ಲಿ ಕಳಸ-ಹೊರನಾಡು ಕಡೆ ವಾಸ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮರ ಬಿದ್ದು ಕರೆಂಟ್ ಹೋಗಿ, ಟವರ್ ಸತ್ತು, ಮೂರು ದಿನ ಹೊರಗಿನ ಲೋಕ ಇಲ್ಲ. ಇಂಥ ಕಡೆ ಓಡುವ ತಂತ್ರಾಂಶ, ಸಂಪರ್ಕ ಕಡಿದರೂ ತನ್ನ ಮನೆಯೊಳಗೇ ಬುದ್ಧಿ ಇಟ್ಟುಕೊಂಡಿರಬೇಕು. ಮಳೆ ಬಂದರೆ ಗೋಪುರ ಮುಚ್ಚುವುದಕ್ಕೆ ಹೊಸಕೋಟೆಯ ಅಪ್ಪಣೆ ಕಾಯಬಾರದು. ಅದನ್ನು ಬೇರೆಯವರು ಬರೆದುಕೊಡಲ್ಲ.

ನನ್ನ ಕೇಳಿಕೆ ಮೂರೇ.

ಮೊದಲನೆಯದು, ತಂತ್ರಾಂಶ ಬರೆಯೋದನ್ನೂ ವಿಜ್ಞಾನ ಅಂತ ಲೆಕ್ಕ ಹಾಕಿ. ಪ್ರಬಂಧ ಬರೆದವರಿಗೆ ಬಡ್ತಿ, ಕೋಡ್ ಬರೆದವರಿಗೆ ಕೊನೆಯ ಸಾಲಿನಲ್ಲಿ ಒಂದು ಧನ್ಯವಾದ, ಇದು ನಿಲ್ಲಬೇಕು. ಸಂಶೋಧನಾ ವಿದ್ಯಾರ್ಥಿಯೊಬ್ಬ ರಾತ್ರಿ ನಿದ್ದೆಗೆಟ್ಟು ಬರೆದದ್ದು ಅವನು ಡಾಕ್ಟರೇಟ್ ಮುಗಿಸಿ ಹೊರಟ ದಿನ ಅನಾಥವಾಗುತ್ತೆ. ಕಟ್ಟಿದವರನ್ನು ನೆನೆಯದಿದ್ದರೂ ಹೋಗಲಿ, ಹೂಳೆತ್ತುವವರಿಗೆ ಒಂದು ಕಾಯಂ ಕೆಲಸವಾದರೂ ಬೇಡವೇ?

ಎರಡನೆಯದು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳು. ವರ್ಷವರ್ಷವೂ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್, ಅದೇ ಹಾಜರಾತಿ ವ್ಯವಸ್ಥೆ. ಆಕಾಶದ ಈ ಸಂದೇಶಗಳು ಜಗತ್ತಿಗೆಲ್ಲ ಮುಕ್ತ. ಹೊರನಾಡಿನ ದೇವಸ್ಥಾನದಲ್ಲಿ ಯಾವೂರು, ಯಾರ ಮನೆ ಅಂತ ಕೇಳದೆ ಬಂದವರಿಗೆಲ್ಲ ಊಟ ಬಡಿಸುತ್ತಾರಲ್ಲ, ಹಾಗೆ. ಆದರೆ ಪಂಕ್ತಿಯಲ್ಲಿ ಹೋಗಿ ಕೂತರೆ ತಾನೇ ಬಡಿಸೋದು? 'ಮಾವ, ನಮ್ಮೂರಲ್ಲಿ ದೊಡ್ಡ ದೂರದರ್ಶಕ ಹಾಕೋಕಾಗಲ್ವಾ' ಅಂತ ಪಿಯುಸಿ ಓದುವ ನನ್ನ ಅಕ್ಕನ ಮಗಳು ಒಮ್ಮೆ ಕೇಳಿದಳು. ಆಗಲ್ಲ ಪುಟ್ಟಿ, ಜೂನಿನಿಂದ ಅಕ್ಟೋಬರ್ ತನಕ ಮೋಡ, ಆಮೇಲೆ ಮಂಜು, ಸುತ್ತಲೂ ಗುಡ್ಡ ಅಂದೆ. ಆದರೆ ಚಿಲಿಯ ಆಕಾಶದ ಸಂದೇಶ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೂ ಬರುತ್ತೆ. ಅದನ್ನು ಜರಡಿ ಹಿಡಿಯಲು ಮೋಡ ಅಡ್ಡ ಬರಲ್ಲ. ಮಲೆನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಳೆಗಾಲದ ಕೆಲಸ ಯಾವುದಿದೆ?

ಮೂರನೆಯದು ನಮಗೇ, ಅಂದರೆ ಕನ್ನಡದಲ್ಲಿ ಬರೆಯುವವರಿಗೆ. ಈ ತಂತ್ರಾಂಶಗಳ ಬಗ್ಗೆ ಕನ್ನಡದಲ್ಲಿ ಓದಿ ಕಲಿಯುವಂಥದ್ದು ಹುಡುಕಿ ನೋಡಿ, ನನಗಂತೂ ಕೈಗೆ ಸಿಕ್ಕಿಲ್ಲ. ಗ್ರಹಣ ಬಂದಾಗ ಊಟ ಮಾಡಬಹುದೇ ಬಾರದೇ ಅಂತ ಜಗಳಕ್ಕೆ ನಮ್ಮಲ್ಲಿ ಎಷ್ಟು ಪುಟ ಖರ್ಚಾಗುತ್ತೆ! ಸಂದೇಶ ಹೇಗೆ ಪಡೆಯೋದು, ಅದರಲ್ಲಿ ಏನಿರುತ್ತೆ, ಪೈಥಾನಿನಲ್ಲಿ ಹತ್ತು ಸಾಲು ಬರೆದು ಹೇಗೆ ಓದೋದು ಅಂತ ಯಾರಾದರೂ ಒಂದು ಸರಣಿ ಶುರುಮಾಡಿ. ಮೊದಲ ಕಂತು ನಾನು ಬರೀತೀನಿ. ಎರಡನೆಯದನ್ನು ಬೆಂಗಳೂರಿನಲ್ಲಿ ಕೂತು ಹಗಲಿಡೀ ಕಾಫ್ಕಾ ಜೊತೆ ಗುದ್ದಾಡುವ ನಿಮ್ಮಲ್ಲೊಬ್ಬರು ಬರೆಯಿರಿ. ಯಾರು ಬರೀತೀರಿ, ಹೇಳಿ.